ಬಿದ್ದ ಮೇಲೆ, ಸಾಯುವ ಮುನ್ನ

ಮೇಜಿನ ಸುತ್ತ ಕುಳಿತು, ತಲೆಗೊಂದರಂತೆ ಪಾತ್ರ ವಹಿಸಿಕೊಂಡು, ಮಾತಿನಿಂದಲೂ ದಾಳದಿಂದಲೂ ಸಾಹಸಕಥೆಯೊಂದನ್ನು ಕೂಡಿ ಕಟ್ಟುವ ಆಟಗಳ ಪರಂಪರೆ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ರೂಪಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಆರಂಭವಾಗುತ್ತದೆ. ಈ ಆಟದಲ್ಲಿ ಗೆದ್ದವರು, ಸೋತವರು ಎಂಬ ಲೆಕ್ಕವಿಲ್ಲ. ಸತ್ತವರ ಲೆಕ್ಕ ಮಾತ್ರ ಇದೆ. ರಾಕ್ಷಸರನ್ನೂ ಗುಹೆಗಳನ್ನೂ ನಡೆಸುತ್ತ ತೀರ್ಪು ಕೊಡುವವರು ಡಂಜನ್ ಮಾಸ್ಟರ್. ಪಾತ್ರದ ಜೀವಬಲವನ್ನು ಅಳೆಯುವ ಅಂಕಿ ಹಿಟ್ ಪಾಯಿಂಟ್. ಮೊದಲ ಪುಸ್ತಕಗಳ ಪ್ರಕಾರ ಈ ಅಂಕಿ ಸೊನ್ನೆಗೆ ಇಳಿದರೆ ಪಾತ್ರ ಸತ್ತಂತೆ. ತಿಂಗಳುಗಟ್ಟಲೆ ಪೋಷಿಸಿದ ಪಾತ್ರವು ಒಂದೇ ಏಟಿಗೆ ಇಲ್ಲವಾಗುವುದನ್ನು ಎಲ್ಲರೂ ಸುಲಭವಾಗಿ ಒಪ್ಪಲಿಲ್ಲ. ಚೌಕಾಬಾರದಲ್ಲಿ ಕಾಯಿ ಕಡಿಯುವ ಕಟ್ಟಳೆ ಮನೆಯಿಂದ ಮನೆಗೆ ಬೇರೆಯಾಗುವಂತೆ, ಸಾವಿನ ಕಟ್ಟಳೆಯೂ ಇಲ್ಲಿ ಮೇಜಿನಿಂದ ಮೇಜಿಗೆ ಬೇರೆಯಾಯಿತು. ಪುಸ್ತಕದಲ್ಲಿಲ್ಲದ, ಆಡುವವರೇ ಮಾಡಿಕೊಂಡ ಇಂಥ ಕಟ್ಟಳೆಗೆ ಹೌಸ್ ರೂಲ್ ಎನ್ನುತ್ತಾರೆ.

ಈ ಕಟ್ಟಳೆಗಳ ರುಚಿ ಇರುವುದು ಸಾವಿನಲ್ಲಲ್ಲ, ಪಾತ್ರ ಬಿದ್ದ ಕ್ಷಣಕ್ಕೂ ಸಾಯುವ ಕ್ಷಣಕ್ಕೂ ನಡುವಿನ ಅವಕಾಶದಲ್ಲಿ. 1979ರಲ್ಲಿ ಬಂದ ಡಂಜನ್ ಮಾಸ್ಟರ್ ಕೈಪಿಡಿ ಆ ಅವಕಾಶವನ್ನು ಮೈನಸ್ ಹತ್ತರವರೆಗೆ ಹಿಗ್ಗಿಸಿತು: ಬಿದ್ದವನು ಸುತ್ತಿಗೊಂದು ಅಂಕ ಕಳೆದುಕೊಳ್ಳುತ್ತ ಹೋಗುತ್ತಾನೆ, ಅಷ್ಟರೊಳಗೆ ಯಾರಾದರೂ ಗಾಯ ಕಟ್ಟಿದರೆ ಉಳಿಯುತ್ತಾನೆ, ಉಳಿದರೂ ಒಂದು ವಾರ ವಿಶ್ರಾಂತಿ ಪಡೆಯಬೇಕಾಗುತ್ತದೆ. 2014ರ ಐದನೆಯ ಆವೃತ್ತಿ ಎಣಿಕೆಯ ಬದಲು ದಾಳವನ್ನು ನಂಬಿತು. ಬಿದ್ದವನು ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಉರುಳಿಸುತ್ತಾನೆ. ಹತ್ತು ಅಥವಾ ಹೆಚ್ಚು ಬಿದ್ದರೆ ಗೆಲುವು, ಕಡಿಮೆಯಾದರೆ ಸೋಲು. ಮೂರು ಗೆಲುವು ಸೇರಿದರೆ ಸ್ಥಿತಿ ಸ್ಥಿರ, ಮೂರು ಸೋಲು ಸೇರಿದರೆ ಸಾವು. ಒಂದು ಬಿದ್ದರೆ ಎರಡು ಸೋಲಿನ ಲೆಕ್ಕ, ಇಪ್ಪತ್ತು ಬಿದ್ದರೆ ಒಂದು ಹಿಟ್ ಪಾಯಿಂಟಿನೊಂದಿಗೆ ಎಚ್ಚರ. ಇಪ್ಪತ್ತು ಮುಖಗಳಲ್ಲಿ ಹನ್ನೊಂದು ಬದುಕಿನ ಪರವಾಗಿರುವುದರಿಂದ ಇದು ಉದಾರ ನಿಯಮವೇ ಸರಿ.

ಉದಾರವಾದದ್ದೇ ತೊಡಕಾಯಿತು. ಒಂದು ಹಿಟ್ ಪಾಯಿಂಟ್ ಮರಳಿಸುವ ಸಣ್ಣ ಮಂತ್ರ ಸಾಕು, ಬಿದ್ದವನು ಎದ್ದು ಕತ್ತಿ ಬೀಸುತ್ತಾನೆ. ಮತ್ತೆ ಬೀಳುತ್ತಾನೆ, ಮತ್ತೆ ಏಳುತ್ತಾನೆ, ಹಿಂದಿನ ಸೋಲುಗಳೆಲ್ಲ ಅಳಿಸಿಹೋಗಿರುತ್ತವೆ. ಇದರಿಂದ ಬೀಳುವುದರ ಭಯವೇ ಹೋಗುತ್ತದೆಂದು ಬಗೆದ ಕೆಲವರು, ಬಿದ್ದು ಎದ್ದ ಪ್ರತಿ ಸಲವೂ ಒಂದು ಮೆಟ್ಟಿಲು ಬಳಲಿಕೆ ವಿಧಿಸುತ್ತಾರೆ. ಬಳಲಿಕೆಗೆ ಆ ಆವೃತ್ತಿಯಲ್ಲಿ ಆರು ಮೆಟ್ಟಿಲುಗಳಿದ್ದು ಆರನೆಯದು ಸಾವಾಗಿರುವುದರಿಂದ ಈ ನಿಯಮ ನೋಡಲು ಚೆಂದ. ಆಡಲು ಕ್ರೂರ, ಏಕೆಂದರೆ ಎಲ್ಲರಿಗಿಂತ ಮುಂದೆ ನಿಂತು ಏಟು ತಿನ್ನುವ ಯೋಧನಿಗೇ ದಂಡ ಬೀಳುತ್ತದೆ. ಸೋಲಿನ ಗುರುತುಗಳನ್ನು ರಾತ್ರಿಯ ದೀರ್ಘ ವಿಶ್ರಾಂತಿಯವರೆಗೆ ಅಳಿಸದೆ ಉಳಿಸಿಕೊಳ್ಳುವ ಕಟ್ಟಳೆ ಇದಕ್ಕಿಂತ ಹದವಾದದ್ದು.

ಎಲ್ಲಕ್ಕಿಂತ ಮೇಲಾದದ್ದು ಗುಟ್ಟಿನ ದಾಳ. ಸಾವಿನ ದಾಳವನ್ನು ಮರೆಯಲ್ಲಿ ಉರುಳಿಸಿ, ಬಿದ್ದದ್ದೇನೆಂದು ಆಟಗಾರನಿಗೂ ಡಂಜನ್ ಮಾಸ್ಟರಿಗೂ ಮಾತ್ರ ಗೊತ್ತಿರುವಂತೆ ಇಡುವುದು ಇದರ ಕ್ರಮ. ಪುಸ್ತಕದ ನಿಯಮದಲ್ಲಿ ಎಲ್ಲರೂ ಲೆಕ್ಕ ನೋಡುತ್ತಾರೆ: ಒಂದೇ ಸೋಲಾಗಿದೆ, ಇನ್ನೊಂದು ಸುತ್ತು ತಡೆದೀತು, ಅಷ್ಟರಲ್ಲಿ ಡ್ರ್ಯಾಗನ್ನಿಗೆ ಎರಡು ಏಟು ಕೊಡೋಣ. ದಾಳ ಕಾಣದಿದ್ದರೆ ಈ ಲೆಕ್ಕಾಚಾರ ಕುಸಿಯುತ್ತದೆ. ಗೆಳೆಯನು ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲು ಆಯುಧ ಬಿಟ್ಟು ಓಡಲೇಬೇಕು. ಒಂದು ಅಂಕಿಯನ್ನೂ ಬದಲಿಸದೆ, ಯಾರಿಗೂ ದಂಡ ಹಾಕದೆ, ಬರೀ ಮರೆಯಿಂದ ಇಷ್ಟನ್ನು ಸಾಧಿಸುವ ನಿಯಮ ಈ ಕಸುಬಿನಲ್ಲಿ ಅಪರೂಪ.

ಸತ್ತವರನ್ನು ಎಬ್ಬಿಸುವ ವಿಚಾರ ಹಣದ್ದು. ಐದನೆಯ ಆವೃತ್ತಿಯಲ್ಲಿ, ಸತ್ತ ಒಂದು ನಿಮಿಷದೊಳಗಾದರೆ 300 ಚಿನ್ನದ ನಾಣ್ಯ ಬೆಲೆಯ ವಜ್ರಗಳು, ಹತ್ತು ದಿನದೊಳಗಾದರೆ 500 ನಾಣ್ಯದ ವಜ್ರ ಮಂತ್ರದಲ್ಲಿ ಕರಗುತ್ತವೆ. (ಇಷ್ಟು ವಜ್ರ ಕರಗಿಸುವ ಆ ಲೋಕದಲ್ಲಿ ಗಣಿಯ ಒಡೆಯನಿಗಿಂತ ಬಲಿಷ್ಠ ರಾಜನಿರಲಾರ ಎಂಬುದು ಬೇರೆ ಮಾತು.) ಹಳೆಯ ಆವೃತ್ತಿಗಳಲ್ಲಿ ಎದ್ದು ಬಂದವನ ದೇಹದಾರ್ಢ್ಯದ ಅಂಕಿಯಲ್ಲಿ ಒಂದು ಶಾಶ್ವತವಾಗಿ ಹೋಗುತ್ತಿತ್ತು, ವಜ್ರಕ್ಕಿಂತ ಆ ಬೆಲೆಯೇ ನ್ಯಾಯವಾದದ್ದು. ‘ಕ್ರಿಟಿಕಲ್ ರೋಲ್’ ಎಂಬ ಆಟದ ಪ್ರಸಾರದಿಂದ ಹೆಸರಾದ ಮ್ಯಾಥ್ಯೂ ಮರ್ಸರ್ ಅವರ ಕಟ್ಟಳೆಯಲ್ಲಿ, ಸಂಗಡಿಗರು ಸತ್ತವನಿಗಾಗಿ ಮಾತನ್ನೋ ಕಾಣಿಕೆಯನ್ನೋ ಅರ್ಪಿಸುತ್ತಾರೆ, ಕೊನೆಗೆ ದಾಳವೊಂದು ನಿರ್ಣಯಿಸುತ್ತದೆ, ಎದ್ದು ಬಂದಷ್ಟು ಸಲವೂ ಮುಂದಿನ ಬಾರಿ ಏಳುವುದು ಕಷ್ಟವಾಗುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ, ಆದರೆ ಮೇಜಿನಲ್ಲಿ ಯಾರೂ ಬೇಸರಪಡುವುದಿಲ್ಲ.

ಹೊಸದಾಗಿ ಆಟ ಕೂಡಿಸುವವರು ಇವುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಲಿ, ಮೊದಲ ದಾಳ ಉರುಳುವ ಮುನ್ನವೇ ಎಲ್ಲರಿಗೂ ಓದಿ ಹೇಳಲಿ. ಪಾತ್ರ ಬಿದ್ದ ಮೇಲೆ, ಕನಿಕರದಿಂದಲೇ ಆದರೂ, ಅದನ್ನು ತಿದ್ದದಿರಲಿ.