ಹಲ್ಲು ಎಣಿಸಿ ತಗೋರಿ ಗೇರು

ಸೈಕಲ್ ರಿಪೇರಿ ಗಂಡಸರ ಕೆಲಸ ಅಂತ ನಾವೆಲ್ಲಾ ಸುಮ್ಮನಿರ್ತೀವಿ. ಆದ್ರ ರೊಕ್ಕ ಕೊಡೋ ಹೊತ್ತಿಗೆ ಸಾಸಿವಿ ಡಬ್ಬಿಗೆ ಕೈ ಹಾಕೋರು ನಾವೇ ಅಲ್ಲೇನ್ರಿ? ಈಗ ಮನಿಮನಿಗೆ ಗೇರಿನ ಸೈಕಲ್ ಬಂದಾವ. ಅದಕ್ಕ ಇಷ್ಟು ಬರೀಲಿಕ್ಕೆ ಹತ್ತೇನಿ.

ಹಿಂದಿನ ಗಾಲಿ ಹತ್ರ ಜೋತು ಬಿದ್ದು, ಚೈನನ್ನ ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕ ಸರಸೋ ಸಾಮಾನಿಗೆ ಡಿರೇಲರ್ ಅಂತಾರ. ಹೋದ ತಿಂಗಳು ನಮ್ಮ ಮಗಳ ಸೈಕಲ್ ಬಲಗಡೆ ಬಿದ್ದು ಅದು ತಿರುಚಿಕೊಂಡಿತು. ಮನಿಯವರು "ಸಾಕಿನ್ನ, ಮಾರಿಬಿಡೂಣು, ಬಸ್ಸಿಗೆ ಹೋಗ್ಲಿ" ಅಂದ್ರು. ಹುಡುಗಿ ಮಾರಿ ಸಣ್ಣದಾತು. ಧಾರವಾಡದ ಏರು-ಇಳುವು ನಿಮಗ ಗೊತ್ತೇ ಅದ. ಬೆಳಿಗ್ಗೆ ಆರಕ್ಕ ಯಾರ ದಾರಿನೂ ಕಾಯದ ಅಕಿ ಕ್ಲಾಸಿಗೆ ಹೋಗೋದು ಆ ಸೈಕಲ್ ಮ್ಯಾಲೇ. ಅದು ಹೋದ್ರ ಆ ಕ್ಲಾಸೂ ಹೋದಂಗ.

ಅಂಗಡಿಯವ್ರು ಹತ್ತು ಗೇರಿಂದು, ತುಟ್ಟಿದು ತೋರಿಸಿ "ಇದೇ ಚಲೋದು ತಗೋರಿ" ಅಂದ್ರು. ನಾ ತಗೋಲಿಲ್ಲ. ಐದು ಲೀಟರ್ ಕುಕ್ಕರಿಗೆ ಮೂರು ಲೀಟರಿನ ರಬ್ಬರ್ ಎಷ್ಟು ಚಲೋ ಇದ್ರೇನು, ಕೂಡ್ತದೇನ್ರಿ? ಇದೂ ಹಂಗ. ನಮ್ಮದು ಹಿಂದ 7, ಮುಂದ 3 ಚಕ್ರದ್ದು. ಶಿಮಾನೋದ 7 ಮತ್ತ 8 ಗೇರಿನ ಡಿರೇಲರ್ ಒಂದಕ್ಕೊಂದು ನಡೀತಾವ. ಅವ್ರು ತೋರಿಸಿದ ಹತ್ತರದ್ದು ವಾಯರ್ ಎಳಿಯೋ ಲೆಕ್ಕಾನೇ ಬ್ಯಾರೆ ಇತ್ತು, ಹ್ಯಾಂಡಲ್ ಮ್ಯಾಲಿನ ನಮ್ಮ ಶಿಫ್ಟರಿಗೆ ಹೊಂದೂದಿಲ್ಲ.

ಮನಿಗೆ ಬಂದು ಒಂದು ಹಲ್ಲಿಗೆ ಉಗುರಿನ ಬಣ್ಣದ ಚುಕ್ಕಿ ಇಟ್ಟು ಎಣಿಸಿದೆ. ಮುಂದಿನ ದೊಡ್ಡದು 42, ಸಣ್ಣದು 24, ಫರಕು 18. ಹಿಂದಿನ ದೊಡ್ಡದು 28, ಸಣ್ಣದು 14, ಫರಕು 14. ಎರಡೂ ಕೂಡಿಸಿದ್ರ 32. ಡಿರೇಲರಿನ ಕೆಪ್ಯಾಸಿಟಿ ಇದಕ್ಕಿಂತ ಕಡಿಮಿ ಇರಬಾರದು. ಕಡಿಮಿ ಇದ್ರ ಸಣ್ಣ ಚಕ್ರಕ್ಕ ಬಂದಾಗ ಚೈನ್ ಜೋಲಿ ಹೊಡೀತದ. ಹಿಂದಿನ ದೊಡ್ಡ ಚಕ್ರ ಎಷ್ಟು ಹಲ್ಲಿಂದು ನಡೀತದ ಅನ್ನೋದನ್ನೂ ಕೇಳ್ರಿ. ಶಿಮಾನೋ ಟೂರ್ನಿ ಟಿವೈ 300 ಅನ್ನೋದು 34 ಹಲ್ಲಿನ ಮಟ ನಡೀತದ, ಕೆಪ್ಯಾಸಿಟಿ 43. ನಮಗ ಅದು ಧಾರಾಳ ಆತು. ಇನ್ನೊಂದಿಷ್ಟು ರೊಕ್ಕ ಇದ್ರ ಆಲ್ಟಸ್, ಅಸೆರಾ ಅವ. ದಿನಾ ಕ್ಲಾಸಿಗೆ ಹೋಗ್ಲಿಕ್ಕೆ ಅವು ಇಲ್ಲದನೂ ನಡೀತದ.

ತಗೊಳ್ಳೋಕ್ಕಿಂತ ಮೊದಲು ಹ್ಯಾಂಗರ್ ನೋಡಸ್ರಿ. ಡಿರೇಲರ್ ತೂಗು ಹಾಕೋ ಸಣ್ಣ ಪಟ್ಟಿ ಅದು. ಸೈಕಲ್ ಬಿದ್ರ ಫ್ರೇಮ್ ಉಳೀಲಿ ಅಂತ ಅದನ್ನ ಮೆತ್ತಗಿನ ಅಲ್ಯುಮಿನಿಯಮ್ಮಿನಾಗ ಮಾಡಿರ್ತಾರ. ಅದು ಸೊಟ್ಟ ಇದ್ರ ಎಂಥಾ ಹೊಸಾದು ಹಾಕಿದ್ರೂ ಗೇರು ಸರಿ ಬೀಳೂದಿಲ್ಲ. ಒಮ್ಮೊಮ್ಮೆ ಅದೊಂದು ಬದಲಿಸಿದ್ರ ಸಾಕು, ಡಿರೇಲರ್ ತರೋದೇ ಬ್ಯಾಡ. ಒಂದೊಂದು ಸೈಕಲ್ಲಿಗೆ ಒಂದೊಂದು ಆಕಾರ ಇರ್ತದ, ಹಳೇದನ್ನ ಚೀಲದಾಗ ಹಾಕ್ಕೊಂಡೇ ಹೋಗ್ರಿ. ಕೆಲವು ಸೈಕಲ್ಲಿಗೆ ಹ್ಯಾಂಗರ್ ಇರೂದಿಲ್ಲ, ಡಿರೇಲರ್ ಜೋಡಿನೇ ಬಂದ ಕೊಂಡಿನ ಗಾಲಿ ನಟ್ಟಿಗೆ ಬಿಗೀತಾರ. ನಿಮ್ಮದು ಯಾವದು ನೋಡ್ಕೋರಿ.

ಕೂಡಿಸಿದ ಮ್ಯಾಲೆ ಅಂಗಡ್ಯಾಗೇ ಗಾಲಿ ಎತ್ತಿ ತಿರುವಿ, ಒಂದೊಂದೇ ಗೇರು ಹಾಕಿಸಿ ನೋಡ್ರಿ. ದೊಡ್ಡ ಚಕ್ರಕ್ಕ ಬಂದಾಗ ಡಿರೇಲರ್ ಕಡ್ಡಿಗೆ ತಾಗಬಾರದು. ತಾಗಿದ್ರ "ಎಲ್" ಅಂತ ಬರದಿರೋ ಸ್ಕ್ರೂ ಬಿಗಿ ಮಾಡಸ್ರಿ. ಬಿಟ್ರ ನಡುದಾರ್ಯಾಗ ಗಾಲಿಗೆ ಸಿಕ್ಕು ಹುಡುಗ್ರು ಬೀಳ್ತಾವ.

ನಮ್ಮಾಕಿ ಈಗ ಮೊದಲಿನಂಗ ಆರಕ್ಕ ಹೊಂಡ್ತಾಳ. ಮಾರೋ ಮಾತು ಮನಿಯವರು ಮತ್ತ ತಗದಿಲ್ಲ.