ತಾಯಿಯ ಬುತ್ತಿ

ಹಣ್ಣಿಗೆ ಮುತ್ತುವ ಆ ಪುಟ್ಟ ನೊಣದ ಮೊಟ್ಟೆಯಲ್ಲಿ ಮೊದಲ ಎರಡು ತಾಸು ಭ್ರೂಣದ ಸ್ವಂತ ಜೀನುಗಳು ಬಹುಪಾಲು ಸುಮ್ಮನಿರುತ್ತವೆ. ನಡೆಯುವುದೆಲ್ಲ ತಾಯಿ ಕಟ್ಟಿಟ್ಟ ಬುತ್ತಿಯಿಂದ. ಮೊಟ್ಟೆಯ ಒಂದು ತುದಿಯಲ್ಲಿ ಆಕೆ ಬೈಕಾಯ್ಡ್ ಜೀನಿನ ಆರ್‌ಎನ್‌ಎ ಇಟ್ಟಿರುತ್ತಾಳೆ. ಅದರಿಂದಾಗುವ ಪ್ರೋಟೀನು ಅಲ್ಲಿ ದಟ್ಟ, ಹಿಂದಕ್ಕೆ ಹೋದಂತೆ ತೆಳು. 1988ರಲ್ಲಿ ಇದನ್ನು ತೋರಿಸಿಕೊಟ್ಟವರು ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್ಹಾರ್ಡ್. ದಟ್ಟವಿದ್ದಲ್ಲಿ ಹಂಚ್‌ಬ್ಯಾಕ್ ಎಂಬ ಜೀನು ಎಚ್ಚರಗೊಳ್ಳುತ್ತದೆ, ತಲೆ-ಎದೆಯ ಭಾಗ ಮೂಡುತ್ತದೆ. ತಾಯಿಯಲ್ಲಿ ಬೈಕಾಯ್ಡ್‌ನ ಎರಡೂ ಪ್ರತಿ ಕೆಟ್ಟಿದ್ದರೆ, ತಂದೆ ಒಳ್ಳೆಯ ಪ್ರತಿ ಕೊಟ್ಟರೂ ಮರಿಗೆ ತಲೆಯಿಲ್ಲ.

ಮಾನಸಗಂಗೋತ್ರಿಯಲ್ಲಿ ಇದನ್ನು ಓದಿದಾಗ ಹೊಸರಿತ್ತಿಯ ನಮ್ಮ ಓಣಿ ನೆನಪಾಗಿ ಕಸಿವಿಸಿಯಾಯಿತು. ತಮ್ಮ ಸೀಳುತುಟಿಯೊಂದಿಗೆ ಹುಟ್ಟಿದಾಗ ‘ಗ್ರಹಣದಾಗ ಹೊರಗ ಬಂದಿದ್ಳು’ ಎಂದು ಅವ್ವನನ್ನು ಆಡಿಕೊಂಡವರ ಮಾತು ಹಾಗಾದರೆ ಖರೆಯೇ?

ಅಲ್ಲ. ಆ ತಾಯಿನೊಣ ಮಾಡಬಾರದ್ದೇನನ್ನೂ ಮಾಡಿದ್ದಲ್ಲ; ಕೆಟ್ಟ ಪ್ರತಿಗಳು ಅದಕ್ಕೂ ಹೆತ್ತವರಿಂದಲೇ ಬಂದವು. ನಮ್ಮಲ್ಲಂತೂ ಬೈಕಾಯ್ಡ್ ಇಲ್ಲವೇ ಇಲ್ಲ. ಮನುಷ್ಯರ ಭ್ರೂಣ ಎಂಟು ಕೋಶಗಳಾಗುವ ಹೊತ್ತಿಗೆ, ಮೂರನೆಯ ದಿನ, ಅದರದೇ ಜೀನುಗಳು ಕೆಲಸ ಹಿಡಿದಿರುತ್ತವೆ. ತುಟಿ ಕೂಡುವುದು ಅದಾಗಿ ಎಷ್ಟೋ ವಾರಗಳ ಮೇಲೆ.

ರಜೆಗೆ ಬಂದಾಗ ಅವ್ವಗೆ ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿದಳು: ‘ಇದನ್ನ ಆಯಿ ಮುಂದನೂ ಹೇಳ್ತೀಯೇನ?’

ಆಯಿ, ಅಪ್ಪನ ತಾಯಿ, ಪಡಸಾಲೆಯಲ್ಲೇ ಕೂತಿದ್ದಳು. ಹೇಳಿದೆ.