ನಗದ ಮುಖಗಳ ನಗೆ

ಫಿನ್ಲೆಂಡಿನ ನಿರ್ದೇಶಕ ಅಕಿ ಕೌರಿಸ್ಮಾಕಿಯ ಸಿನಿಮಾಗಳಲ್ಲಿ ನಗುವವರು ಅಪರೂಪ. ಕೆಲಸ ಕಳೆದುಕೊಂಡವರು, ಕುಡುಕರು, ಕಸದ ಲಾರಿ ಓಡಿಸುವವರು ಸಿಗರೇಟು ಹಚ್ಚಿ, ಗೋಡೆ ನೋಡುತ್ತ ಎರಡು ಮಾತಾಡಿ ಸುಮ್ಮನಾಗುತ್ತಾರೆ. ಹೊಸ ಪ್ರೇಕ್ಷಕ ಇದನ್ನು ಬಡತನದ ಗೋಳೆಂದೇ ತಿಳಿಯುತ್ತಾನೆ. ಅಂತರರಾಷ್ಟ್ರೀಯ ಪ್ರಶಸ್ತಿ ಬಂದ ಚಿತ್ರವೆಂಬ ಭಯಭಕ್ತಿ ಬೇರೆ. ನಗೆ ತಡವಾಗಿ ಸಿಕ್ಕುವುದಕ್ಕೆ ಅರ್ಧ ಕಾರಣ ಆ ಭಕ್ತಿಯೇ.

1990ರ ‘ದಿ ಮ್ಯಾಚ್ ಫ್ಯಾಕ್ಟರಿ ಗರ್ಲ್’ ಮರದ ದಿಮ್ಮಿ ಬೆಂಕಿಕಡ್ಡಿಯಾಗುವ ಯಂತ್ರಗಳ ಸದ್ದಿನಿಂದ ಶುರುವಾಗುತ್ತದೆ. ಮಾತು ಬರುವುದು ಬಹಳ ಹೊತ್ತಿನ ಮೇಲೆ. ಮೋಸಹೋದ ನಾಯಕಿ ಐರಿಸ್ ಅಂಗಡಿಗೆ ಹೋಗಿ ಇಲಿಪಾಷಾಣ ಕೇಳುತ್ತಾಳೆ. ಅದರಿಂದ ಏನಾಗುತ್ತದೆಂದು ವಿಚಾರಿಸುತ್ತಾಳೆ. ಸಾಯಿಸುತ್ತದೆ ಎಂಬ ಉತ್ತರ ಬರುತ್ತದೆ. ಒಳ್ಳೆಯದು ಎನ್ನುತ್ತಾಳೆ. ಇಬ್ಬರ ಹುಬ್ಬೂ ಅಲುಗುವುದಿಲ್ಲ. ಛಾಯಾಗ್ರಾಹಕ ಟಿಮೊ ಸಾಲ್ಮಿನೆನ್‌ನ ಕ್ಯಾಮೆರಾ ಬಹುಮಟ್ಟಿಗೆ ನಿಂತಲ್ಲೇ ನಿಂತಿರುತ್ತದೆ. ಮಾತು ಮುಗಿದರೂ ದೃಶ್ಯ ಕತ್ತರಿಸದೆ ಒಂದೆರಡು ಕ್ಷಣ ಹಾಗೇ ಉಳಿಯುತ್ತದೆ. ಹಾಸ್ಯ ಹುಟ್ಟುವುದು ಆ ಹೆಚ್ಚುವರಿ ಕ್ಷಣಗಳಲ್ಲಿ. ಕುಡುಕನೂ ಗ್ರಾಂಥಿಕ ಫಿನ್ನಿಷ್‌ನಲ್ಲಿ ಮಾತಾಡುವುದು ಇನ್ನೊಂದು ತಮಾಷೆ, ಸಬ್‌ಟೈಟಲ್ ಓದುವವರಿಗೆ ಅದು ದಕ್ಕುವುದಿಲ್ಲ.

ಈ ಕಲೆ ಹದಗೊಂಡದ್ದು 2002ರ ‘ದಿ ಮ್ಯಾನ್ ವಿದೌಟ್ ಎ ಪಾಸ್ಟ್’ನಲ್ಲಿ. ಪುಂಡರಿಂದ ಹೊಡೆತ ತಿಂದ ನಾಯಕನನ್ನು ವೈದ್ಯರು ಸತ್ತನೆಂದು ಘೋಷಿಸಿ ಹೋಗುತ್ತಾರೆ. ಅವನು ಎದ್ದು, ಸೊಟ್ಟಗಾದ ಮೂಗನ್ನು ಕೈಯಿಂದಲೇ ನೆಟ್ಟಗೆ ಮಾಡಿಕೊಂಡು ಹೊರನಡೆಯುತ್ತಾನೆ. ನೆನಪೆಲ್ಲ ಅಳಿಸಿಹೋಗಿ, ಹೆಲ್ಸಿಂಕಿಯಲ್ಲಿ ಒಂದು ಸರಕಿನ ಕಂಟೇನರಿನೊಳಗೆ ಸಂಸಾರ ಹೂಡುತ್ತಾನೆ. ಅದಕ್ಕೆ ವಿದ್ಯುತ್ ಎಳೆದುಕೊಟ್ಟವನು ಕೂಲಿ ಕೇಳುವುದಿಲ್ಲ. ತಾನು ಎಂದಾದರೂ ಚರಂಡಿಯಲ್ಲಿ ಬೋರಲು ಬಿದ್ದಿದ್ದರೆ ಅಂಗಾತ ಮಲಗಿಸಿದರೆ ಸಾಕು ಎನ್ನುತ್ತಾನೆ. ಬಾಡಿಗೆ ವಸೂಲಿಗಾರನ ಭಯಂಕರ ನಾಯಿಯ ಹೆಸರು ಹ್ಯಾನಿಬಾಲ್, ಅದರಷ್ಟು ಸಾಧುಪ್ರಾಣಿ ಚಿತ್ರದಲ್ಲಿ ಇನ್ನೊಂದಿಲ್ಲ. ಬ್ಯಾಂಕ್ ದೋಚಲು ಬಂದವನು ಒಯ್ಯುವುದು ತನ್ನದೇ ಖಾತೆಯ ಹಣವನ್ನು, ಅದೂ ಕೂಲಿಯಾಳುಗಳ ಬಾಕಿ ತೀರಿಸುವುದಕ್ಕೆ! ಕಾನ್ ಚಿತ್ರೋತ್ಸವ ಇದಕ್ಕೆ ಗ್ರ್ಯಾಂಡ್ ಪ್ರಿ ಕೊಟ್ಟಿತು.

‘ಡ್ರಿಫ್ಟಿಂಗ್ ಕ್ಲೌಡ್ಸ್’ (1996) ಮಾತ್ರ ನಗೆಯೊಳಗೆ ಸಿಟ್ಟನ್ನೂ ಇಟ್ಟುಕೊಂಡಿದೆ. ತೊಂಬತ್ತರ ದಶಕದ ಫಿನ್ಲೆಂಡಿನ ಆರ್ಥಿಕ ಕುಸಿತ ಅದರ ಹಿನ್ನೆಲೆ. ಯಾವ ಟ್ರಾಮ್ ಚಾಲಕರು ಮನೆಗೆ ಹೋಗಬೇಕೆಂಬುದು ಇಸ್ಪೀಟೆಲೆ ಎತ್ತಿ ತೀರ್ಮಾನವಾಗುತ್ತದೆ. ಸಣ್ಣ ಎಲೆ ಎತ್ತಿದವನು ಗೊಣಗುವುದೂ ಇಲ್ಲ. ಅತ್ತರೆ ಕರುಣೆ ಸಿಗಬಹುದಿತ್ತು. ಕೌರಿಸ್ಮಾಕಿಯ ಬಡವರಿಗೆ ಅದು ಬೇಡ.

ಹೋಲಿಸಿದರೆ ‘ಲೆನಿನ್‌ಗ್ರಾಡ್ ಕೌಬಾಯ್ಸ್ ಗೋ ಅಮೆರಿಕ’ (1989) ಸುಲಭದ ಹಾಸ್ಯ. ಅದರ ಸಂಗೀತ ತಂಡದವರ ಚೂಪು ಕೂದಲು, ಉದ್ದ ಮೂತಿಯ ಬೂಟು ಕಂಡಕೂಡಲೇ ನಗು ಬರುತ್ತದೆ, ಬೇಗ ಆರಿಯೂ ಹೋಗುತ್ತದೆ.

2023ರ ‘ಫಾಲನ್ ಲೀವ್ಸ್’ನಲ್ಲಿ ನಗೆಯ ಗುರಿ ಕಲಾತ್ಮಕ ಚಿತ್ರಗಳ ರಸಿಕರೇ. ಜೊಂಬಿ ಸಿನಿಮಾ ಮುಗಿಸಿ ಹೊರಬಂದ ಇಬ್ಬರಲ್ಲಿ ಒಬ್ಬನಿಗೆ ಫ್ರಾನ್ಸಿನ ಗಂಭೀರ ನಿರ್ದೇಶಕ ಬ್ರೆಸ್ಸಾನ್ ನೆನಪಾಗುತ್ತಾನೆ, ಇನ್ನೊಬ್ಬನಿಗೆ ಅಲ್ಲಿನವನೇ ಆದ ಗೊಡಾರ್. ಅವರು ನೋಡಿದ್ದು ಅಮೆರಿಕದ ನಿರ್ದೇಶಕ ಜಿಮ್ ಜಾರ್ಮುಶ್‌ನ ಚಿತ್ರ. ಆತ ಕೌರಿಸ್ಮಾಕಿಯ ಹಳೆಯ ಗೆಳೆಯ; ಲೆನಿನ್‌ಗ್ರಾಡ್ ಕೌಬಾಯ್‌ಗಳಿಗೆ ಅಮೆರಿಕದಲ್ಲಿ ಹಳೇ ಕಾರು ಮಾರಿದವನ ಪಾತ್ರ ಮಾಡಿದ್ದೂ ಅವನೇ.